ಮನೆಯ ಮುಗ್ಗು ವಾಸನೆಯೂ ಏಸಿ ಯಂತ್ರದ ನೀರೂ

ಮಳೆಗಾಲವು ಕಾಲಿಟ್ಟ ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಯ ಮತ್ತು ಮಲೆನಾಡಿನ ಮನೆಗಳಲ್ಲಿ ಒಂದು ದೂರು ತಲೆದೋರುವುದು. ಕಪಾಟಿನ ಬಾಗಿಲನ್ನು ತೆರೆದೊಡನೆ ಮುಗ್ಗು ವಾಸನೆ. ಮಡಿಸಿಟ್ಟ ಹಾಸಿಗೆಯಲ್ಲಿ ಮುಗ್ಗು ವಾಸನೆ. ಬೇಸಗೆಯಲ್ಲಿ ಸಾಲಸೋಲ ಮಾಡಿ ತಂದ ಏಸಿ ಯಂತ್ರದ ಗುಂಡಿಯನ್ನು ಒತ್ತಿದರೆ ಅದರ ಬಾಯಿಂದಲೂ ಅದೇ ವಾಸನೆ. ಆಮೇಲೆ ನಡೆಯುವ ಸಂವಾದವೂ ವಾಚಕರಿಗೆ ಹೊಸತಲ್ಲ. ಯಜಮಾನರು ಮೂಗನ್ನು ಮುಚ್ಚಿಕೊಂಡು, "ಈ ಮನೆಯಲ್ಲಿ ಗುಡಿಸುವವರು ಯಾರೂ ಇಲ್ಲವೆ?" ಎಂದು ಕೇಳುವರು. ಬೆಳಗಿನಿಂದ ಗುಡಿಸಿ ಒರಸಿ ಸೋತ ಗೃಹಿಣಿಯು ಏನನ್ನೂ ಹೇಳಲಾರದೆ ಸಾಂಬ್ರಾಣಿಯ ಹೊಗೆಯನ್ನು ಹಾಕುವಳು. ಹೊಗೆ ಆರಿದ ಒಂದು ಗಳಿಗೆಗೆ ವಾಸನೆಯು ಮರಳಿ ಬರುವುದು, ಅದರೊಡನೆ ಆಕ್ಷೇಪವೂ ಮರಳುವುದು.

ಈ ತಿಂಗಳು ನಾವು ನಿವೇದಿಸಬೇಕೆಂದಿರುವ ಮಾತು ಇಷ್ಟೇ: ಮುಗ್ಗು ವಾಸನೆಯು ಕಸದ ಗುರುತಲ್ಲ, ನೀರಿನ ಗುರುತು. ಮನೆಯಲ್ಲಿ ಎಲ್ಲಿಯೋ ಒಂದೆಡೆ ನೀರು ನಿಂತಿದೆ, ಅಥವಾ ಆರಬೇಕಾದುದು ಆರಿಲ್ಲ ಎಂಬ ಸುದ್ದಿಯನ್ನು ಅದು ತಂದಿರುತ್ತದೆ. ಆ ನೀರನ್ನು ಹುಡುಕದೆ ವಾಸನೆಯನ್ನು ಅಟ್ಟಹೊರಟರೆ ಹಣವೂ ಶ್ರಮವೂ ವ್ಯರ್ಥವಾಗುವುವು. ನಿರಪರಾಧಿಗಳ ಮೇಲೆ ಅಪವಾದವೂ ಬರುವುದು.

ಮೊದಲು ಕಾರಣವನ್ನು ವಿಚಾರಿಸೋಣ. ಗಾಳಿಯು ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿಯನ್ನು ತನ್ನಲ್ಲಿ ಇರಿಸಿಕೊಳ್ಳಬಲ್ಲುದು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರು ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿಯುವುದು. ಅದೇ ಗಾಳಿಯು 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಂ ಮಾತ್ರ ಹಿಡಿಯುವುದು. ಮಿಕ್ಕ ನೀರು ಹತ್ತಿರದಲ್ಲಿ ಯಾವ ವಸ್ತು ತಣ್ಣಗಿರುವುದೋ ಅದರ ಮೇಲೆ ಹನಿಯಾಗಿ ಕೂಡುವುದು. ತಣ್ಣನೆಯ ಮಜ್ಜಿಗೆಯ ಲೋಟದ ಹೊರಮೈ ಬೆವರುವುದನ್ನು ನೋಡದವರು ಯಾರಿದ್ದಾರೆ? ಲೋಟವು ಸೋರಿಲ್ಲ, ಸುತ್ತಲಿನ ಗಾಳಿಯ ನೀರೇ ಅಲ್ಲಿ ಕೂಡಿದೆ. ಮಳೆಗಾಲದಲ್ಲಿ ಮನೆಯೊಳಗಿನ ಉಷ್ಣತೆ 30 ಡಿಗ್ರಿ, ಆರ್ದ್ರತೆ ನೂರಕ್ಕೆ 80 ಇದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಾದರೂ ಹೀಗೆಯೇ ಬೆವರತೊಡಗುವುದು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆಯ ಗಾಳಿಯಲ್ಲಿಯೇ ಆಗ ಸುಮಾರು 800 ಗ್ರಾಂ ನೀರು ಕಣ್ಣಿಗೆ ಕಾಣದಂತೆ ಅಡಗಿರುವುದು. ಇದರ ಮೇಲೆ ನಿದ್ರಿಸುವ ಮನುಷ್ಯನೊಬ್ಬನ ಉಸಿರು ಮತ್ತು ಬೆವರಿನಿಂದ ಗಂಟೆಗೆ ಸುಮಾರು 40 ಗ್ರಾಂ, ಅಡಿಗೆಯ ಹಬೆ, ಸ್ನಾನದ ಹಬೆ, ಮನೆಯೊಳಗೆ ಹರವಿದ ಒದ್ದೆ ಬಟ್ಟೆಗಳು—ಇವೆಲ್ಲ ಸೇರಿಕೊಳ್ಳುವುವು.

ಹೀಗೆ ತೇವಗೊಂಡ ಗೋಡೆ, ಬಟ್ಟೆ, ಮರ, ಕಾಗದಗಳ ಮೇಲೆ ಬೂಷ್ಟು ಬೆಳೆಯುವುದಕ್ಕೆ ಹೆಚ್ಚು ಕಾಲ ಬೇಕಾಗಿಲ್ಲ. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿಬಿಟ್ಟರೆ ಬಹುಮಟ್ಟಿಗೆ ಬೂಷ್ಟು ಬಾರದೆಂದು ತಜ್ಞರು ಹೇಳುವರು. ತಡಮಾಡಿದರೆ ಸೂಕ್ಷ್ಮಜೀವಿಗಳು ಬೆಳೆದು, ತಮ್ಮಿಂದ ಹೊರಡುವ ಆವಿಗಳನ್ನು ಗಾಳಿಯಲ್ಲಿ ಬೆರೆಸುವುವು. ಮೊದಲ ಮಳೆಗೆ ನೆಲದಿಂದೇಳುವ ಮಣ್ಣಿನ ಕಂಪನ್ನು ನಾವೆಲ್ಲರೂ ಮೆಚ್ಚುವೆವು. ಆ ಕಂಪಿನಲ್ಲಿ ಮುಖ್ಯವಾದ ವಸ್ತುವಿಗೆ 1965ರಲ್ಲಿ ವಿಜ್ಞಾನಿಗಳು 'ಜಿಯೋಸ್ಮಿನ್' ಎಂದು ಹೆಸರಿಟ್ಟರು. ಅದೂ ಮಣ್ಣಿನ ಸೂಕ್ಷ್ಮಜೀವಿಗಳು ಉಂಟುಮಾಡುವುದೇ. ಅಂಗಳದಲ್ಲಿ ಹಿತವಾದ ಈ ಬಗೆಯ ವಾಸನೆಯೇ ಕಪಾಟಿನಲ್ಲಿ ಕೂತರೆ ಅಹಿತವಾಗುವುದು. ನಮ್ಮ ಮೂಗು ಇದನ್ನು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಹಿಡಿಯಬಲ್ಲುದು. ಆದರೆ ಮೂಗಿಗೆ ಒಂದು ಬಲಹೀನತೆಯುಂಟು: ಯಾವ ವಾಸನೆಯಲ್ಲಿ ಅದು ಸದಾ ಇರುವುದೋ ಆ ವಾಸನೆಗೆ ಅದು ಒಗ್ಗಿಹೋಗುವುದು. ಆದಕಾರಣ ಮನೆಯವರಿಗೆ ತಿಳಿಯದ ಮುಗ್ಗು, ಹೊರಗಿನಿಂದ ಬಂದ ನೆಂಟರಿಗೆ ಹೊಸ್ತಿಲಲ್ಲಿಯೇ ತಿಳಿಯುವುದು. ನೆಂಟರು ಸಂಕೋಚದಿಂದ ಹೇಳಲಾರರು. ನಾವೇ ಕೇಳಿ ತಿಳಿಯುವುದು ಲೇಸು.

ನಮ್ಮ ಹಿರಿಯರ ಮನೆಗಳಲ್ಲಿಯೂ ತೇವವಿದ್ದಿತು. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವಾಗ ಅದು ಇರದೆ ಹೇಗಿದ್ದೀತು? ಆದರೆ ಹೆಂಚಿನ ಮಾಡಿನ ಸಂದುಗಳಲ್ಲಿ ಗಾಳಿಯಾಡುತ್ತಿದ್ದಿತು. ಒಲೆಯ ಮೇಲಣ ಅಟ್ಟದಲ್ಲಿ ಬಿಸಿಯೂ ಹೊಗೆಯೂ ಸೇರಿ ಸಾಮಾನುಗಳನ್ನು ಒಣಗಿಸುತ್ತಿದ್ದುವು. ಬಿಸಿಲು ಕಂಡ ದಿನ ಹಾಸಿಗೆ, ಚಾಪೆ, ಕಡತಗಳೆಲ್ಲವೂ ಅಂಗಳಕ್ಕೆ ಬರುತ್ತಿದ್ದುವು. ಈಗಿನ ಮನೆಗಳಲ್ಲಿ ಕಾಂಕ್ರೀಟು ಛಾವಣಿ, ಬಿಗಿಯಾದ ಗಾಜಿನ ಕಿಟಕಿ, ಗೋಡೆಗೆ ಅಂಟಿಸಿ ಕಟ್ಟಿದ ಕಪಾಟು. ಇವುಗಳ ನಡುವೆ ಏಸಿ ಯಂತ್ರವೆಂಬ ಹೊಸ ಅತಿಥಿಯು ಬಂದಿರುವನು. ಈ ಅತಿಥಿಯ ಸ್ವಭಾವವನ್ನು ತಿಳಿಯದೆಯೇ ನಾವು ಅವನಿಗೆ ಮಲಗುವ ಕೋಣೆಯಲ್ಲಿ ಸ್ಥಾನ ಕೊಟ್ಟಿರುವೆವು.

ಈ ಯಂತ್ರದ ಜನ್ಮವೃತ್ತಾಂತವೇ ಅದರ ಸ್ವಭಾವವನ್ನು ತಿಳಿಸುವುದು. 1902ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ, ಗಾಳಿಯ ತೇವದಿಂದ ಕಾಗದವು ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚೊತ್ತುವ ಬಣ್ಣಗಳು ಸರಿಯಾಗಿ ಹೊಂದುತ್ತಿರಲಿಲ್ಲ. ಈ ತೊಂದರೆಯನ್ನು ನಿವಾರಿಸಲು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ಒಂದು ಉಪಾಯವನ್ನು ರಚಿಸಿದನು: ತಣ್ಣೀರು ಹರಿಯುವ ಲೋಹದ ಸುರುಳಿಗಳ ಮೇಲೆ ಗಾಳಿಯನ್ನು ಹಾಯಿಸಿ, ಅದರ ನೀರನ್ನು ಹನಿಯಾಗಿ ಇಳಿಸುವುದು. ಎಂದಮೇಲೆ ಈ ಯಂತ್ರವು ಹುಟ್ಟಿದ್ದು ಮನುಷ್ಯರಿಗೆ ತಂಪೆರೆಯಲೆಂದಲ್ಲ, ಗಾಳಿಯ ನೀರನ್ನು ತೆಗೆಯಲೆಂದು. ಇಂದಿನ ಮನೆಯ ಯಂತ್ರವೂ ಇದೇ ಕೆಲಸವನ್ನು ಮಾಡುತ್ತಿದೆ. ಕರಾವಳಿಯ ಸೆಕೆಯಲ್ಲಿ ಒಂದು ಟನ್ನಿನ ಯಂತ್ರವು ಎಡೆಬಿಡದೆ ನಡೆದರೆ ಗಂಟೆಗೆ ಸುಮಾರು ಒಂದು ಲೀಟರು ನೀರನ್ನು ಇಳಿಸುವುದು. ರಾತ್ರಿಯೆಲ್ಲ ನಡೆದರೆ ಒಂದು ಸಣ್ಣ ಕೊಡ ನೀರು! ಈ ನೀರು ಯಂತ್ರದೊಳಗಿನ ಟ್ರೇಗೆ ಇಳಿದು, ಅಲ್ಲಿಂದ ಡ್ರೈನ್ ಪೈಪಿನ ಮೂಲಕ ಕೇವಲ ಇಳಿಜಾರಿನ ಬಲದಿಂದ ಹೊರಗೆ ಹೋಗಬೇಕು. ಪೈಪು ಒಂದು ಕಡೆ ಡೊಂಕಾಗಿ ಮೇಲೆದ್ದಿದ್ದರೆ, ಧೂಳಿನ ಲೋಳೆ ಕಟ್ಟಿಕೊಂಡಿದ್ದರೆ, ಅಥವಾ ಯಂತ್ರವನ್ನೇ ಓರೆಯಾಗಿ ತೂಗಿಸಿದ್ದರೆ ನೀರು ಒಳಗೆಯೇ ನಿಲ್ಲುವುದು. ಕತ್ತಲೆ, ತೇವ, ಧೂಳು—ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಆಶ್ರಯವೆಲ್ಲಿ?

ವಾಸನೆಯ ಮೂಲವನ್ನು ಪತ್ತೆಹಚ್ಚಲು ಮನೆಯವರೇ ಮಾಡಬಹುದಾದ ಕೆಲವು ಪರೀಕ್ಷೆಗಳನ್ನು ಇಲ್ಲಿ ಹೇಳುವೆವು.

ಯಂತ್ರವನ್ನು ಹಾಕಿದ ಮೊದಲ ಕೆಲವು ನಿಮಿಷ ಮಾತ್ರ ವಾಸನೆ ಬಂದು ಆಮೇಲೆ ಕಡಿಮೆಯಾಗುವುದಾದರೆ, ದೋಷವು ಒಳಗಿನ ಸುರುಳಿಯಲ್ಲಿ ಅಥವಾ ಟ್ರೇಯಲ್ಲಿ ಇರುವುದು. ಯಂತ್ರವು ನಿಂತಿರುವಾಗಲೂ ಕೋಣೆ ನಾರುವುದಾದರೆ ಗೋಡೆಯನ್ನೂ ಕಪಾಟನ್ನೂ ಸಂಶಯಿಸತಕ್ಕದ್ದು. ವಾಸನೆಯು ಮುಗ್ಗಿನದಾಗಿರದೆ ಮೋರಿಯದಾಗಿದ್ದರೆ, ಡ್ರೈನ್ ಪೈಪನ್ನು ಬಚ್ಚಲಿನ ಕೊಳವೆಗೆ ನೇರವಾಗಿ ಸೇರಿಸಿರುವರೇ ಎಂದು ನೋಡತಕ್ಕದ್ದು. ನಡುವೆ ನೀರು ನಿಲ್ಲುವ ಬಾಗು, ಎಂದರೆ ಟ್ರ್ಯಾಪ್, ಇಲ್ಲದಿದ್ದರೆ, ಅಥವಾ ತಿಂಗಳುಗಟ್ಟಲೆ ಬಳಸದೆ ಅದರ ನೀರು ಆರಿಹೋಗಿದ್ದರೆ, ಮೋರಿಯ ಗಾಳಿಯು ಮಲಗುವ ಕೋಣೆಗೆ ಬರುವುದು. ಸುಟ್ಟ ವಾಸನೆ ಬಂದರೆ ಪರೀಕ್ಷೆಗೆ ತೊಡಗದೆ ಒಡನೆಯೇ ವಿದ್ಯುತ್ತನ್ನು ನಿಲ್ಲಿಸಿ ಬಲ್ಲವರನ್ನು ಕರೆಯತಕ್ಕದ್ದು.

ಎರಡನೆಯ ಪರೀಕ್ಷೆಗೆ ಕಾಸೂ ಬೇಡ. ಸೆಕೆಯ ದಿನ ಯಂತ್ರವನ್ನು ಒಂದು ಗಂಟೆ ನಡೆಸಿ, ಮನೆಯ ಹೊರಗೆ ಹೋಗಿ ಪೈಪಿನ ಕೊನೆಯನ್ನು ನೋಡಿರಿ. ನೀರು ಹನಿಹನಿಯಾಗಿ ಬೀಳುತ್ತಿದ್ದರೆ ಸರಿ. ಬೀಳದಿದ್ದರೆ ಆ ನೀರು ಮನೆಯೊಳಗೇ ಎಲ್ಲಿಯೋ ಉಳಿದಿರುವುದು.

ಮೂರನೆಯದು ಗೋಡೆಯ ಪರೀಕ್ಷೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ತೇವದ ಗೋಡೆಗೆ ನಾಲ್ಕೂ ಅಂಚಿನಲ್ಲಿ ಬಿಗಿಯಾಗಿ ಅಂಟಿಸಿ, ಒಂದೆರಡು ದಿನ ಬಿಡಿರಿ. ಹಾಳೆಯ ಕೋಣೆಯ ಕಡೆಯ ಮೈ ಒದ್ದೆಯಾದರೆ ಅದು ಗಾಳಿಯ ನೀರು. ಗೋಡೆಯ ಕಡೆಯ ಮೈ ಒದ್ದೆಯಾದರೆ ಗೋಡೆಯೊಳಗಿನಿಂದ ಬಂದ ನೀರು. ಮೊದಲನೆಯದಕ್ಕೆ ಗಾಳಿಯನ್ನು ಒಣಗಿಸಬೇಕು. ಎರಡನೆಯದಕ್ಕೆ ಬಚ್ಚಲು, ತಾರಸಿ, ಹೊರಗೋಡೆಗಳ ಸೋರಿಕೆಯನ್ನು ಮುಚ್ಚಬೇಕು. ಸೋರಿಕೆಯನ್ನು ಹಾಗೆಯೇ ಬಿಟ್ಟು ಮೇಲೆ ಬಣ್ಣ ಬಳಿಸುವುದು ಹುಣ್ಣನ್ನು ತೊಳೆಯದೆ ಬಟ್ಟೆ ಸುತ್ತಿದಂತೆ. ಕೆಲವು ಸಲ ಪಕ್ಕದ ಕೋಣೆಯವರು ಏಸಿಯನ್ನು 18 ಡಿಗ್ರಿಗೆ ಇಳಿಸಿರುವುದರಿಂದ ನಡುಗೋಡೆಯು ತಣ್ಣಗಾಗಿ, ಈಚೆಯ ಕಡೆಯಲ್ಲಿರುವ ಕಪಾಟಿನ ಬೆನ್ನು ಬೆವರುವುದೂ ಉಂಟು. ಕಪಾಟನ್ನು ಗೋಡೆಯಿಂದ ಕೆಲವು ಅಂಗುಲ ಸರಿಸಿ ಗಾಳಿಯಾಡಗೊಟ್ಟರೆ ಅರ್ಧ ತೊಂದರೆ ತೀರುವುದು.

ಇನ್ನು ಕೊಳ್ಳುವಾಗಲೂ ನಡೆಸುವಾಗಲೂ ಇರಬೇಕಾದ ಎಚ್ಚರಿಕೆಗಳು. ಸಣ್ಣ ಕೋಣೆಗೆ ದೊಡ್ಡ ಯಂತ್ರವನ್ನು ತಂದರೆ ಒಳ್ಳೆಯದೆಂದು ಅನೇಕರು ಭಾವಿಸಿರುವರು. ಅತಿ ದೊಡ್ಡ ಯಂತ್ರವು ಕೋಣೆಯನ್ನು ಬೇಗನೆ ತಣ್ಣಗೆ ಮಾಡಿ ನಿಂತುಬಿಡುವುದು. ನೀರನ್ನು ಇಳಿಸುವಷ್ಟು ಹೊತ್ತು ಅದು ನಡೆಯುವುದಿಲ್ಲ. ಕೋಣೆಯು ತಣ್ಣಗೂ ಆಯಿತು, ತೇವವಾಗಿಯೂ ಉಳಿಯಿತು. ಮಳೆಗಾಲದಲ್ಲಿ 'ಡ್ರೈ' ಎಂಬ ಗುಂಡಿಯನ್ನು ಬಳಸುವುದು ಯುಕ್ತ. ಕೇಂದ್ರ ಸರ್ಕಾರದ ನಿಯಮದಂತೆ 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಕೋಣೆಯ ಏಸಿಗಳು 24 ಡಿಗ್ರಿಗೆ ಹೊಂದಿಸಲ್ಪಟ್ಟೇ ಬರುವುವು. ಅದರ ಆಸುಪಾಸಿನಲ್ಲಿಯೇ ಇಟ್ಟರೆ ವಿದ್ಯುತ್ತಿನ ವೆಚ್ಚವೂ ಕಡಿಮೆ, ಗೋಡೆ ಬೆವರುವುದೂ ಕಡಿಮೆ. ಗೋಡೆಗೆ ತೂಗಿಸುವ ಸಾಧಾರಣ ಯಂತ್ರವು ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಒಳಗಿನ ಗಾಳಿಯನ್ನೇ ಮತ್ತೆಮತ್ತೆ ತಿರುಗಿಸುವುದು ಎಂಬುದನ್ನೂ ನೆನಪಿನಲ್ಲಿಡಬೇಕು. ಆದುದರಿಂದ ಮಳೆ ಬಿಟ್ಟ ಹೊತ್ತಿನಲ್ಲಿ ಯಂತ್ರವನ್ನು ನಿಲ್ಲಿಸಿ ಕಿಟಕಿಗಳನ್ನು ತೆರೆಯತಕ್ಕದ್ದು. ಯಂತ್ರ ನಡೆಯುವಾಗ ಅವುಗಳನ್ನು ಮುಚ್ಚತಕ್ಕದ್ದು.

ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೆಗೆದು, ತೊಳೆದು, ನೆರಳಿನಲ್ಲಿ ಪೂರ್ತಿಯಾಗಿ ಆರಿಸಿ ಹಾಕುವುದು ಮನೆಯವರ ಕೆಲಸ. ಸುರುಳಿ, ಟ್ರೇ, ಪೈಪುಗಳನ್ನು ವರ್ಷಕ್ಕೊಮ್ಮೆಯಾದರೂ ತೊಳೆಯಿಸುವುದು ಮೆಕ್ಯಾನಿಕ್ಕನ ಕೆಲಸ. ವಾಸನೆಯ ದೂರಿಗೆ ಬಂದವನು ಪೈಪನ್ನು ನೋಡದೆ, "ಗ್ಯಾಸು ಕಡಿಮೆಯಾಗಿದೆ" ಎಂದು ಪ್ರತಿವರ್ಷವೂ ಹಣ ಕೇಳಿದರೆ, ಗ್ಯಾಸು ಮುಚ್ಚಿದ ಕೊಳವೆಯಲ್ಲಿ ತಿರುಗುವುದೇ ಹೊರತು ಸೀಮೆಎಣ್ಣೆಯಂತೆ ಉರಿದು ತೀರುವ ವಸ್ತುವಲ್ಲವೆಂದು ವಿನಯದಿಂದ ಹೇಳಿರಿ. ಅದು ಕಡಿಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿದೆ. ಮೊದಲು ಆ ತೂತನ್ನು ಮುಚ್ಚಲಿ.

ಎಲ್ಲಕ್ಕಿಂತ ಮುಖ್ಯವಾದುದು ಬೇಸಗೆ ಮುಗಿದು ಯಂತ್ರಕ್ಕೆ ವಿಶ್ರಾಂತಿ ಕೊಡುವ ದಿನದ ಕರ್ತವ್ಯ. ಒದ್ದೆಯಾದ ಸುರುಳಿಯನ್ನು ಹಾಗೆಯೇ ಬಿಟ್ಟು ಹೊದಿಕೆ ಹೊದಿಸಿದರೆ, ತಿಂಗಳುಗಟ್ಟಲೆ ಅದು ಬೂಷ್ಟಿನ ತೊಟ್ಟಿಲಾಗುವುದು. ಆ ದಿನ ಕಿಟಕಿಗಳನ್ನು ತೆರೆದು, ಯಂತ್ರದ ಫ್ಯಾನನ್ನು ಮಾತ್ರ ಒಂದೆರಡು ಗಂಟೆ ನಡೆಸಿ, ಒಳಗನ್ನು ಒಣಗಿಸಿ ಆಮೇಲೆ ಮುಚ್ಚಿರಿ. ಕಲಬುರಗಿ, ರಾಯಚೂರು ಕಡೆಯ ಒಣ ಸೆಕೆಯಲ್ಲಿ ಬಳಸುವ ಕೂಲರುಗಳ ರೀತಿಯೇ ಬೇರೆ. ಅವು ಗಾಳಿಗೆ ನೀರನ್ನು ಸೇರಿಸುವುವು. ಅವುಗಳ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ಒಣಗಿಸದಿದ್ದರೆ ನಾರುವುದಲ್ಲದೆ ಡೆಂಗೀ ಜ್ವರವನ್ನು ಹರಡುವ ಸೊಳ್ಳೆಯೂ ಅಲ್ಲಿ ಸಂಸಾರ ಹೂಡುವುದು.

ಡಕ್ಟ್ ಎಂಬ ಗಾಳಿಯ ಕಾಲುವೆಗಳು ನಮ್ಮ ನಾಡಿನ ಮನೆಗಳಲ್ಲಿ ವಿರಳ. ಕಚೇರಿಗಳಲ್ಲಿಯೂ ಭಾರಿ ಫ್ಲಾಟುಗಳಲ್ಲಿಯೂ ಕಾಣುವುವು. ಆದರೆ ಮಂಗಳೂರು ಉಡುಪಿಗಳ ಎಷ್ಟೋ ಮನೆಗಳ ಮಕ್ಕಳು ದುಬೈ, ಅಬುಧಾಬಿ, ಮಸ್ಕತ್ತುಗಳಲ್ಲಿ ಸಂಸಾರ ಹೂಡಿರುವರು. ಅಲ್ಲಿಯ ಫ್ಲಾಟುಗಳಲ್ಲಿ ಇವು ಸಾಮಾನ್ಯವಾದುದರಿಂದ ಅವರ ಸಲುವಾಗಿ ಎರಡು ಮಾತು. ತಂಪುಗಾಳಿ ಹರಿಯುವ ಈ ತಗಡಿನ ಕಾಲುವೆಗೆ ಸುತ್ತಿದ ಹೊದಿಕೆಯು ಒಂದೆಡೆ ಹರಿದರೆ, ಸೀಲಿಂಗಿನ ಮೇಲಣ ಬಿಸಿ ತೇವದ ಗಾಳಿಯು ತಗಡಿಗೆ ತಾಗಿ, ಮಜ್ಜಿಗೆಯ ಲೋಟದಂತೆಯೇ ಅದು ಬೆವರುವುದು. ಸೀಲಿಂಗಿನಲ್ಲಿ ಕಂದುಬಣ್ಣದ ಕಲೆ ಮೂಡುವುದು. ಒಳಗೆ ನಾರಿನ ಪದರವಿದ್ದು ಅದಕ್ಕೆ ಬೂಷ್ಟು ಹಿಡಿದರೆ ತೊಳೆದು ಫಲವಿಲ್ಲ. ತೆಗೆದು ಹೊಸತನ್ನು ಹಾಕಿಸಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಹೇಳಿರುವುದು. ಕಾರಣವಿಲ್ಲದೆ ವರ್ಷವರ್ಷವೂ ಡಕ್ಟನ್ನು ತೊಳೆಯಿಸುವುದರಿಂದ ಆರೋಗ್ಯವು ಹೆಚ್ಚುವುದೆಂಬುದಕ್ಕೆ ಆಧಾರವಿಲ್ಲವೆಂದೂ ಅದೇ ಸಂಸ್ಥೆಯ ಮತ. ಬೇಸಗೆಯ ರಜೆಗೆ ಊರಿಗೆ ಬರುವಾಗ ಯಂತ್ರವನ್ನು ಪೂರ್ತಿಯಾಗಿ ನಿಲ್ಲಿಸಿ ಬಂದವರು, ತಿಂಗಳ ಮೇಲೆ ಹಿಂದಿರುಗಿ, ಚಪ್ಪಲಿ ಬಟ್ಟೆಗಳಿಗೆಲ್ಲ ಹಸಿರು ಬೂಷ್ಟು ಹಿಡಿದುದನ್ನು ಕಾಣುವುದುಂಟು. 26 ಅಥವಾ 27 ಡಿಗ್ರಿಯಲ್ಲಿ ನಡೆಯಲು ಬಿಟ್ಟು ಬರುವುದು, ಕಪಾಟಿನ ಬಾಗಿಲುಗಳನ್ನು ತೆರೆದಿಟ್ಟು ಬರುವುದು ಮೇಲು.

ಇಷ್ಟೆಲ್ಲ ಶ್ರಮವು ಮೂಗಿನ ಸುಖಕ್ಕಾಗಿ ಮಾತ್ರವೇ? ಅಲ್ಲ. ತೇವವೂ ಬೂಷ್ಟೂ ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಅಲರ್ಜಿಗಳ ಬಾಧೆ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗದರ್ಶನದಲ್ಲಿ ತಿಳಿಸಿದೆ. ಮಗುವು ರಾತ್ರಿ ಮಾತ್ರ ಕೆಮ್ಮಿ, ಅಜ್ಜಿಯ ಮನೆಗೆ ಹೋದ ವಾರದಲ್ಲಿ ಕೆಮ್ಮದೆ ಇದ್ದರೆ, ವೈದ್ಯರಿಗೆ ಕೆಮ್ಮಿನೊಡನೆ ಕೋಣೆಯ ವಿಷಯವನ್ನೂ ಹೇಳತಕ್ಕದ್ದು. ಹಾಗೆಂದು ಅನಾವಶ್ಯಕವಾದ ಭೀತಿಯೂ ಬೇಡ. 1976ರಲ್ಲಿ ಫಿಲಡೆಲ್ಫಿಯಾ ನಗರದ ಹೋಟೆಲೊಂದರಲ್ಲಿ ಸೇರಿದ ಮಾಜಿ ಸೈನಿಕರಲ್ಲಿ ಸುಮಾರು 30 ಮಂದಿಯನ್ನು ಬಲಿ ತೆಗೆದುಕೊಂಡ ಶ್ವಾಸಕೋಶದ ರೋಗದ ಕಥೆಯನ್ನು ಹೇಳಿ ಏಸಿಯನ್ನು ಹಳಿಯುವವರಿದ್ದಾರೆ. ಆ ರೋಗಾಣುವು ದೊಡ್ಡ ಕಟ್ಟಡಗಳ ನೀರಿನ ಕೂಲಿಂಗ್ ಟವರು, ಬಿಸಿನೀರಿನ ಕೊಳವೆ ಮುಂತಾದುವುಗಳಲ್ಲಿ ಬೆಳೆದು ತುಂತುರಿನೊಡನೆ ಹರಡುವಂಥದು. ಗೋಡೆಗೆ ತೂಗಿಸಿದ ಮನೆಯ ಯಂತ್ರಕ್ಕೆ ಅಂಥ ಟವರೇ ಇಲ್ಲ.

ವಾಸನೆಯನ್ನು ಮರೆಸುವ ವಸ್ತುಗಳ ವಿಷಯದಲ್ಲಿ ಮಾತ್ರ ಜಾಗರೂಕರಾಗಿರಬೇಕು. ಧೂಪ, ಅಗರುಬತ್ತಿ, ಸೆಂಟಿನ ಸಿಂಪಡಿಕೆಗಳು ಮುಚ್ಚಿದ ಕೋಣೆಯಲ್ಲಿ ಉಬ್ಬಸದವರಿಗೆ ಇನ್ನಷ್ಟು ತೊಂದರೆ ಕೊಡುವುವು. ನ್ಯಾಫ್ತಲೀನ್ ಗುಳಿಗೆಗಳೊಡನೆ ಇಟ್ಟ ಬಟ್ಟೆಯನ್ನು ಎಳೆಗೂಸುಗಳಿಗೆ ಹೊದಿಸಲಾಗದು. ರಕ್ತದಲ್ಲಿ ಒಂದು ಬಗೆಯ ಹುಟ್ಟುಕೊರತೆಯುಳ್ಳ ಶಿಶುಗಳಿಗೆ ಅದರಿಂದ ಅಪಾಯವುಂಟು. ಗೋಡೆಯ ಸಣ್ಣ ಬೂಷ್ಟನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಾಬೂನಿನ ನೀರಿನಿಂದ ಉಜ್ಜಿ ಒಣಗಿಸಿದರೆ ಸಾಕು. ಬ್ಲೀಚಿಂಗ್ ದ್ರವವನ್ನು ಬಚ್ಚಲು ತೊಳೆಯುವ ಆಮ್ಲದೊಡನೆ ಎಂದಿಗೂ ಬೆರೆಸಕೂಡದು. ಉಸಿರುಗಟ್ಟಿಸುವ ವಿಷಾನಿಲ ಹೊರಡುವುದು.

ಕೊನೆಯದಾಗಿ, ಆರ್ದ್ರತೆಯನ್ನು ಅಳೆಯುವ ಒಂದು ಚಿಕ್ಕ ಮಾಪಕವನ್ನು ಕೊಂಡು ಗೋಡೆಗೆ ತೂಗಹಾಕಿರಿ. ಅದರ ಬೆಲೆ ಹೆಚ್ಚೇನೂ ಇಲ್ಲ. ಮುಳ್ಳು 60ರ ಕೆಳಗಿದ್ದರೆ ಬೂಷ್ಟಿಗೆ ಉಪವಾಸ. ದಿನಗಟ್ಟಲೆ 70ನ್ನು ಮೀರಿದರೆ ಅದಕ್ಕೆ ಹಬ್ಬ. ಮನೆಯಲ್ಲಿ ಮುಗ್ಗು ತೋರಿದಾಗ ಯಜಮಾನರು ಪ್ರಶ್ನೆ ಕೇಳುವುದಕ್ಕೆ ಮೊದಲು ಆ ಮಾಪಕವನ್ನೂ, ಹೊರಗೆ ಹೋಗಿ ಆ ಪೈಪಿನ ಕೊನೆಯನ್ನೂ ನೋಡಿ ಬರಲಿ. ಒರಸುವ ಬಟ್ಟೆಯನ್ನು ಹಿಡಿದ ಕೈಗಳು ಮಾಡಬೇಕಾದ ಕೆಲಸವನ್ನು ಮಾಡಿಯೇ ಇರುವುವು. ಪೈಪಿನ ಓರೆಯನ್ನು ತಿದ್ದಿಸುವ ಕೆಲಸ ಉಳಿದಿದ್ದರೆ ಅದು ಅವರ ಪಾಲಿನದು.

ಮುಂದಿನ ತಿಂಗಳು ಮಳೆಗಾಲದಲ್ಲಿ ಬೇಳೆಕಾಳುಗಳನ್ನು ಕೆಡದಂತೆ ಇರಿಸುವ ವಿಧಾನವನ್ನು ಕುರಿತು ಬರೆಯುವೆವು.